ಖಂಡೆಪೂಜೆಯ ದಿನ ನಿಂತ ಲೆಕ್ಕ

ನಮ್ಮ ಮನೆಯಲ್ಲಿ ಖಂಡೆಪೂಜೆಯ ದಿನ, ಅಂದರೆ ದಸರೆಯ ಹಿಂದಿನ ದಿನದ ಆಯುಧಪೂಜೆಯಂದು, ಯಾವ ಯಂತ್ರವೂ ಓಡುವುದಿಲ್ಲ. ನೀರೆತ್ತುವ ಮೋಟರು, ಔಷಧ ಹೊಡೆಯುವ ಪಂಪು, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರು, ದ್ರಾಕ್ಷಿ ಬಳ್ಳಿ ಸವರುವ ಕತ್ತರಿ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿ ಸುಮ್ಮನೆ ಬಿಡುತ್ತೇವೆ. ಆ ದಿನವೂ ದುಡಿಸಿದರೆ ಯಂತ್ರದ ಮುನಿಸು ಅದರ ಒಡೆಯನ ಮೇಲೆ ಬರುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನಾನು ಹತ್ತನೆಯ ಇಯತ್ತೆಯವರೆಗೆ ಓದಿದವನು. ಅದನ್ನು ನಂಬುತ್ತೇನೋ ಇಲ್ಲವೋ ಎಂದು ಎಂದೂ ಕೇಳಿಕೊಂಡಿರಲಿಲ್ಲ.

ಹೋದ ವರ್ಷದ ಖಂಡೆಪೂಜೆಯಂದು ನನ್ನ ತಂಗಿಯ ಕಂಪ್ಯೂಟರನ್ನೂ ಬಂದ್ ಮಾಡಿದೆ.

ತಂಗಿ ಚಿಕ್ಕೋಡಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಜೊತೆಗೆ ಪಿಎಚ್‌ಡಿ ನಡೆದಿತ್ತು. ಬಾಹ್ಯಾಕಾಶದಿಂದ ಮರಳುವ ನೌಕೆ ನಮ್ಮ ಗಾಳಿಯೊಳಗೆ ನುಗ್ಗುವಾಗ ಅದರ ಮುಂಭಾಗಕ್ಕೆ ಬೆಂಕಿ ಕವಿಯುತ್ತದೆ. ಒಳಗೆ ಕೂತವರಿಗೆ ಅದು ತಾಗದಂತೆ ಒಂದು ದಪ್ಪ ಕವಚ ಇರುತ್ತದೆ. ಕವಚ ತಾನೇ ಸುಟ್ಟು, ಕರಕಲಾಗಿ, ಸ್ವಲ್ಪ ಸ್ವಲ್ಪವೇ ಉದುರಿ, ಶಾಖವನ್ನು ತನ್ನೊಂದಿಗೆ ಒಯ್ಯುತ್ತದೆ. ಎಷ್ಟು ಸುಡುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ನಿಜವಾದ ಬೆಂಕಿಯಿಲ್ಲದೆ ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ನೋಡುವುದು ಅವಳ ಕೆಲಸವಾಗಿತ್ತು.

“ಅಣ್ಣಾ, ಬಾವಿ ನೀರು ಮಡಿಗೆ ಹೆಂಗ ಬಿಡತಿ?” ಎಂದು ಒಮ್ಮೆ ಕೇಳಿದಳು.

“ಒಂದು ಮಡಿ ತುಂಬಿದ ಮ್ಯಾಗ ಬಾಜೂದಕ್ಕ.”

“ಶಾಖಾನೂ ಹಂಗ. ಕವಚಕ್ಕ ಲಕ್ಷಗಟ್ಟಲೆ ಮಡಿ ಮಾಡೇನಿ. ಪ್ರತಿ ಮಡೀನೂ ಬಾಜೂದಕ್ಕ ಕೇಳತೈತಿ, ನೀ ಎಷ್ಟ ಕಾದೀ ಅಂತ. ಕಣ್ಣ ಮುಚ್ಚಿ ತಗಿಯೂದ್ರಾಗ ಸಾವಿರ ಸಲ ಕೇಳತೈತಿ.”

“ಹಿಂಗ ಕೇಳ್ಕೋಂತ ಕುಂತ್ರ ನೌಕೆ ಇಳಿಯೂದು ಯಾವಾಗ?”

“ಹದಿನಾರು ದಿನ ಬೇಕು.”

“ಖರೇ ನೌಕೆಗೆ?”

“ಅರ್ಧಾ ತಾಸು.”

“ಹಂಗಾದ್ರ ನಿನ್ನ ಕಂಪ್ಯೂಟರ್‌ಕಿಂತ ನಮ್ಮ ಮುದಿ ಎತ್ತು ಚಲೋ ಬಿಡು,” ಅಂದೆ. ಅವಳು ನಕ್ಕಳು.

ಕವಚವನ್ನು ನೌಕೆಯ ಮೈಗೆ ಒಂದು ಅಂಟಿನಿಂದ ಕೂರಿಸಿರುತ್ತಾರಂತೆ. ಆ ಅಂಟು ಇನ್ನೂರೈವತ್ತು ಡಿಗ್ರಿ ದಾಟಿದರೆ ಬಿಡುತ್ತದೆ. ಅವಳು ತೂಕ ಕಡಿಮೆಯಾಗಲೆಂದು ಕವಚವನ್ನು ತುಸು ತೆಳ್ಳಗೆ ಮಾಡಿದ್ದಳು. ತೆಳ್ಳಗಾದರೂ ಅಂಟು ಉಳಿದೀತೇ? ಈ ಒಂದು ಪ್ರಶ್ನೆಗೆ ಅವಳ ನಾಲ್ಕು ವರ್ಷ ಹೋಗಿತ್ತು.

ಅಷ್ಟರಲ್ಲಿ ಅವಳ ಯಕೃತ್ತಿಗೆ ಕ್ಯಾನ್ಸರ್ ಹಬ್ಬಿದೆ ಎಂದು ಮಿರಜದ ಡಾಕ್ಟರು ಹೇಳಿದರು. ಕಾಲೇಜಿಗೆ ರಜೆ ಹಾಕಿ ಕಾಗವಾಡದ ಹತ್ತಿರದ ನಮ್ಮ ತೋಟದ ಮನೆಗೆ ಬಂದಳು. ಕಂಪ್ಯೂಟರೂ ಬಂತು, ಕರೆಂಟು ಹೋದರೆ ಇರಲೆಂದು ಒಂದು ದೊಡ್ಡ ಬ್ಯಾಟರಿಯೂ ಬಂತು. ಡಾಕ್ಟರು ತಿಂಗಳ ಮಾತು ಬಿಟ್ಟು ವಾರದ ಮಾತು ಆಡತೊಡಗಿದಾಗ ಅವಳು ಕೊನೆಯ ಲೆಕ್ಕವನ್ನು ಓಡಿಸಿದಳು.

“ಇದೊಂದು ಉತ್ತರ ನೋಡಿ ಹೋಗತೇನಿ,” ಅಂದಳು. ಅವ್ವ ಬೈದಳು.

ಖಂಡೆಪೂಜೆಯ ದಿನ ಅವಳೂ ಅವ್ವನೂ ಮಿರಜದ ಆಸ್ಪತ್ರೆಯಲ್ಲಿದ್ದರು. ಲೆಕ್ಕ ಶುರುವಾಗಿ ಒಂಬತ್ತು ದಿನ ಕಳೆದಿತ್ತು. ನಾನು ಒಬ್ಬನೇ ಪೂಜೆ ಮುಗಿಸಿದೆ. ತೋಟವೆಲ್ಲ ಸದ್ದಿಲ್ಲದೆ ನಿಂತಿದ್ದಾಗ ಅವಳ ಕೋಣೆಯಿಂದ ಮಾತ್ರ ಗುಂಯ್ ಎನ್ನುವ ಸಪ್ಪಳ ಬರುತ್ತಿತ್ತು. ನನಗೆ ಹೆದರಿಕೆ ಹೊಕ್ಕಿತು. ಅದು ಅವಳ ಯಂತ್ರ, ಹಗಲು ರಾತ್ರಿ ದುಡಿಯುತ್ತಿದೆ. ಇವತ್ತೂ ಬಿಡದಿದ್ದರೆ ಮುನಿಸು ಯಾರ ಮೇಲೆ ಹೋದೀತು? ಪ್ಲಗ್ ಕಿತ್ತೆ. ಬ್ಯಾಟರಿಯ ಗುಂಡಿಯನ್ನೂ ಒತ್ತಿದೆ. ಒರೆಸಿ, ಮೂರು ಬೆರಳ ವಿಭೂತಿ ಎಳೆದು, ಹೂ ಏರಿಸಿ, ತಂಗಿ ಉಳಿಯಲಿ ಎಂದು ಕೈ ಮುಗಿದೆ. ಮೋಟರಿನ ಹಾಗೆ ಇದೂ ನಾಳೆ ಗುಂಡಿ ಒತ್ತಿದರೆ ನಿಂತಲ್ಲಿಂದ ಓಡುತ್ತದೆ ಅಂದುಕೊಂಡಿದ್ದೆ. ಬಂದ್ ಮಾಡಬೇಡ ಎಂದು ಅವಳು ಹೇಳಿರಲಿಲ್ಲ. ಕರೆಂಟು ಹೋಗುವುದಕ್ಕೆ ಬ್ಯಾಟರಿ ಇಟ್ಟಿದ್ದಳು. ಅಣ್ಣನಿಗೆ ಏನು ಇಡಬೇಕು ಎಂದು ಅವಳಿಗೆ ಹೊಳೆದಿರಲಿಕ್ಕಿಲ್ಲ.

ಮರುದಿನ ಮಧ್ಯಾಹ್ನ ಇಬ್ಬರೂ ಬಂದರು. ತಂಗಿ ಕಪ್ಪಾದ ಪರದೆಯನ್ನೂ ಹೂವನ್ನೂ ನೋಡುತ್ತ ಬಾಗಿಲಲ್ಲೇ ನಿಂತಳು.

“ಅಣ್ಣಾ, ಬಂದ್ ಮಾಡಿದ್ಯಾ ಇದನ್ನ?”

“ಖಂಡೆಪೂಜಿ ಅಲ್ಲೇನವಾ. ಇವತ್ತ ಚಾಲೂ ಮಾಡಿದ್ರ ಆತು ಅಂತ…”

ಅವಳು ಕೂತು ಗುಂಡಿ ಒತ್ತಿದಳು, ಏನೇನೋ ಹುಡುಕಿದಳು. ಲೆಕ್ಕ ತನ್ನನ್ನು ತಾನು ಆಗಾಗ ಒಂದೇ ಕಡತದಲ್ಲಿ ಉಳಿಸಿಕೊಳ್ಳುವಂತೆ ಮಾಡಿದ್ದಳಂತೆ. ಹಾಗೆ ಉಳಿಸಿಕೊಳ್ಳುತ್ತಿದ್ದ ಗಳಿಗೆಯಲ್ಲೇ ನಾನು ಪ್ಲಗ್ ಕಿತ್ತಿದ್ದೆ. ಆ ಕಡತವೇ ಕೆಟ್ಟುಹೋಗಿತ್ತು.

“ಅರವತ್ತು ಕಿಲೋಮೀಟರ್ ಮ್ಯಾಲಿತ್ತು,” ಅಂದಳು. “ನಡು ಆಕಾಶದಾಗ ನೌಕೆ ತರಬಿ ನಿಂದರಿಸಿ ಹೂವ ಏರಿಸಿದಿ ನೀ.”

“ನಿನ್ನ ಕೈ ಸುಮ್ಮ ಇರಾಂಗಿಲ್ಲೇನೋ?” ಎಂದು ಅವ್ವ ನನ್ನ ಮೇಲೆ ಏರಿ ಬಂದಳು.

“ಬೈಬ್ಯಾಡಬೇ. ಅಂವಾ ನನ್ನ ಸಲುವಾಗೇ ಮಾಡ್ಯಾನ.”

ಅದನ್ನು ಕೇಳುವುದು ಬೈಗುಳಕ್ಕಿಂತ ಕಷ್ಟವಾಯಿತು. ಅವಳು ಹೂ ತೆಗೆದು ಕಿಟಕಿಯಲ್ಲಿಟ್ಟು, ಲೆಕ್ಕವನ್ನು ಮೊದಲಿನಿಂದ ಓಡಿಸಿದಳು. ಸಂಜೆ ಬನ್ನಿ ಎಲೆ ಹಿಡಿದು ನನ್ನ ಬಳಿ ಬಂದಳು. “ಬನ್ನಿ ತಗೊಂಡು ಬಂಗಾರದಂಗ ಇರೂಣು,” ಎಂದು ಬಗ್ಗಲು ಹೋದಳು, ಬಗ್ಗಲಾಗಲಿಲ್ಲ. ನಾನೇ ಕೈ ಹಿಡಿದುಕೊಂಡೆ.

“ಸಿಟ್ಟ ಬಂದೈತೇನು?”

“ಬಂದೈತಿ. ಸಿಟ್ಟ ಮಾಡಾಕ ಹೊತ್ತಿಲ್ಲ.”

ಅವಳಿಗೆ ಎದ್ದು ಕೂರುವುದು ಕಷ್ಟವಾದ ಮೇಲೆ ಪರದೆಯ ಎರಡು ಅಂಕಿಗಳನ್ನು ಓದುವುದನ್ನು ನನಗೆ ಕಲಿಸಿದಳು. ಒಂದು ಕವಚದ ಹೊರಮೈಯ ಶಾಖ, ಇನ್ನೊಂದು ಅಂಟಿನದು. ದಿನಕ್ಕೆ ಮೂರು ಸಲ ಅವಳ ವಹಿಯಲ್ಲಿ ಬರೆಯಬೇಕು. ತೋಟದಲ್ಲಿ ಬಳ್ಳಿ ಸವರುವ ಕೆಲಸ ಜೋರಾಗಿತ್ತು. ನಾನು ನಡುವೆಯೇ ಕತ್ತರಿ ಇಟ್ಟು ಮನೆಗೆ ಓಡುವುದನ್ನು ಕಂಡು ಸಾಂಗಲಿ ಕಡೆಯ ಕೂಲಿ ಹೆಂಗಸೊಬ್ಬಳು, “ಮಾಲಕ್, ತುಮ್ಹಿ ಇಂಜಿನಿಯರ್ ಝಾಲಾತ್ ಕಾಯ್?” ಎಂದು, ನೀವೂ ಇಂಜಿನಿಯರ್ ಆದಿರೇನು ಅಂತ ಮರಾಠಿಯಲ್ಲಿ ಕೇಳಿ, ಎಲ್ಲರನ್ನೂ ನಗಿಸಿದಳು.

ಲೆಕ್ಕ ಮತ್ತೆ ಶುರುವಾದ ಹತ್ತನೆಯ ದಿನ ಹೊರಮೈಯ ಅಂಕಿ ದಡದಡ ಇಳಿಯಿತು. ನಾನು ಖುಷಿಯಿಂದ ಓಡಿಹೋಗಿ ಹೇಳಿದೆ. “ಬೆಂಕಿ ಆರಿತವಾ! ಮುಗೀತಲ್ಲ?”

“ಇಲ್ಲಣ್ಣಾ, ಖರೇ ಕೆಲಸ ಈಗ ಐತಿ. ಹೊರಗ ಆರಿದ ಮ್ಯಾಗ ಕವಚದಾಗ ಉಳಿದ ಶಾಖ ಮೆಲ್ಲಕ ಒಳಗ ಇಳೀತೈತಿ. ಅಂಟು ಜಾಸ್ತಿ ಕಾಯೂದು ಆವಾಗ. ಎಲ್ಲಾರೂ ಬೆಂಕಿ ಆರಿತಂದ್ರ ಎದ್ದು ಹೋಗತಾರ. ನೀ ಎದ್ದು ಹೋಗಬ್ಯಾಡ.”

ಹನ್ನೆರಡನೆಯ ದಿನ ಮಧ್ಯಾಹ್ನ ಅವಳು ಹೋದಳು. ಸಂಜೆಯೊಳಗೆ ಹೊಲದಲ್ಲಿ ಅಪ್ಪನ ಬಾಜೂಕ್ಕೇ ಮಣ್ಣು ಕೊಟ್ಟು ಬಂದೆವು. ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ, ನೆರೆಯವರು ರೊಟ್ಟಿ ತಂದರು. ಟಿವಿಯ ಮೇಲೆ ಯಾರೋ ಬಟ್ಟೆ ಹಾಕಿದರು. ಪಾಲಬಾವಿಯಿಂದ ಬಂದ ಚಿಗವ್ವ ಅವಳ ಕೋಣೆಯಲ್ಲಿ ಇಣುಕಿ, “ಆಕೀನ ಹೋದ್ಲು, ಇದ್ಯಾಕ ಇನ್ನೂ ಗುಂಯ್ ಅನ್ನಾಕತ್ತೈತಿ? ಬಂದ್ ಮಾಡೋ,” ಎಂದು ತಾನೇ ಪ್ಲಗ್ಗಿಗೆ ಕೈ ಚಾಚಿದಳು.

“ಅದಕ್ಕ ಕೈ ಹಚ್ಚಬ್ಯಾಡ್ರಿ!”

ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. ಚಿಗವ್ವ ಅಳುತ್ತ ಹೊರಗೆ ಹೋದಳು. ಆಮೇಲೆ ನಾನು ಅವಳ ಕಾಲು ಮುಟ್ಟಿದೆ.

ಬಂದು ಹೋಗುವವರ ನಡುವೆಯೇ ನಾಲ್ಕು ದಿನ ಅಂಕಿ ಬರೆದೆ. ಇನ್ನೂರ ಹದಿನಾರು. ಇನ್ನೂರ ಇಪ್ಪತ್ತು. ಇನ್ನೂರ ಇಪ್ಪತ್ತೇಳು. ಒಂದು ಹಗಲು ಇನ್ನೂರ ಮೂವತ್ತನ್ನು ದಾಟಿದಾಗ ಊಟದ ತಾಟು ಬಿಟ್ಟು ಅಲ್ಲೇ ಕೂತೆ. ಹದಿನಾರನೆಯ ದಿನ ಮುಂಜಾನೆ ಇನ್ನೂರ ಮೂವತ್ತೆಂಟಕ್ಕೆ ನಿಂತಿತು. ಮಧ್ಯಾಹ್ನವೂ ಅಷ್ಟೇ ಇತ್ತು. ಸಂಜೆಗೆ ಇನ್ನೂರ ಮೂವತ್ತೇಳು ಆಯಿತು. ವಹಿಯ ಪುಟಗಳ ಫೋಟೋ ತೆಗೆದು ಅವಳ ಗೈಡ್ ಸರ್ ಅವರಿಗೆ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿ, “ಆಕಿ ಹೇಳಿದ್ದು ಖರೇ ಆತ್ರಿ,” ಅಂದರು.

ಅವ್ವ ಬಾಗಿಲ ಹತ್ತಿರ ಕೂತಿದ್ದಳು. “ಏನ ಬಂತೋ?”

“ಅಂಟು ಬಿಡಲಿಲ್ಲಬೇ. ಒಳಗ ಕುಂತವರು ಪಾರಾದ್ರು.”

“ಆಕಿಗೆ ಮೊದ್ಲ ಗೊತ್ತಿತ್ತ ಬಿಡು.”

ನಾನು ಹೂಂ ಅಂದೆ. ತಂಗಿಗೆ ಗೊತ್ತಿರಲಿಲ್ಲ. ಹೋಗುವ ದಿನ ಮುಂಜಾನೆ ಕೂಡ ಕಣ್ಣಲ್ಲೇ ಎಷ್ಟೆಂದು ಕೇಳಿದ್ದಳು. ಇನ್ನೂರ ಹತ್ತು, ಇನ್ನೂ ಏರಾಕತ್ತೈತಿ ಎಂದಿದ್ದೆ. ಖಂಡೆಪೂಜೆಯಂದು ನಾನು ಆ ಕೋಣೆಗೆ ಹೋಗದಿದ್ದರೆ ಉತ್ತರ ಅವಳು ಹೋಗುವುದಕ್ಕೆ ಆರು ದಿನ ಮೊದಲೇ ಬಂದಿರುತ್ತಿತ್ತು. ಅವ್ವನಿಗೆ ನಾನು ಇದನ್ನು ಹೇಳಿಲ್ಲ. ಅವಳಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಬಂತು.