ಶಹಾ ಅನ್ನದ ವರ್ಷ

ಮೊನ್ನೆ ಮಧ್ಯಾಹ್ನ ನಮ್ಮ ಬೀದರದ ಮನೆಯ ಪಡಸಾಲೆಯಲ್ಲಿ ಗುರ್ರ್ ಎಂದು ಸಣ್ಣ ಸದ್ದಾಯಿತು. ಇಲಿ ಹೊಕ್ಕಿತೆಂದು ಕಸಬರಿಗೆ ಹಿಡಿದು ಬಂದೆ. ನೋಡಿದರೆ ಮೇಜಿನ ಮೇಲೊಂದು ಚದುರಂಗದ ಮಣೆ. ಅದರ ಮೇಲಿನ ಕುದುರೆ, ಯಾರೂ ಮುಟ್ಟದೆ, ತಾನೇ ಸರಿಯುತ್ತಿತ್ತು. ಎತ್ತಿದ ಕಸಬರಿಗೆ ಎತ್ತಿದಂತೆಯೇ ಉಳಿಯಿತು. ಐವತ್ತು ದಾಟಿದ ಹೆಂಗಸು ಮರದ ಕುದುರೆಗೆ ಹೆದರಿದ್ದನ್ನು ನೀವು ಯಾರಿಗೂ ಹೇಳಬೇಡಿ. ನನ್ನ ಮಗಳು ಸುಜಾತಾ ಆಗಲೇ ಓಣಿಗೆಲ್ಲ ಹೇಳಿ ಮುಗಿಸಿದ್ದಾಳೆ.

ಅವಳು ಇಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುತ್ತಾಳೆ. ಮಣೆಯ ತಳ ಬಿಚ್ಚಿ ತೋರಿಸಿದಳು. ಒಳಗೆ ಅಡ್ಡ ಒಂದು, ಉದ್ದ ಒಂದು ಹಳಿ. ಅವುಗಳ ಮೇಲೆ ಪುಟ್ಟ ಮೋಟಾರು ಎಳೆದಾಡುವ ಒಂದು ಅಯಸ್ಕಾಂತ. ಕರೆಂಟು ಹಾಯ್ದಾಗ ಅದು ಮೇಲಿನ ಕಾಯಿಯ ಬುಡ ಹಿಡಿಯುತ್ತದೆ, ಬೇಕಾದ ಮನೆಗೆ ಎಳೆದೊಯ್ದು ಬಿಟ್ಟುಬಿಡುತ್ತದೆ. ಎದುರಾಳಿಯ ನಡೆಯನ್ನು ಯಂತ್ರವೇ ಯೋಚಿಸುತ್ತದೆ. ನಮ್ಮ ನಡೆಯನ್ನು ಫೋನಿನಲ್ಲಿ ಒತ್ತಿದರೆ ಸಾಕು. ಕುದುರೆ ಮಾತ್ರ ಇಲ್ಲಿ ಹಾರುವುದಿಲ್ಲ. ತುಂಬಿದ ಭಾಲ್ಕಿ ಬಸ್ಸಿನಲ್ಲಿ ಇಳಿಯುವವರು ಬಾಗಿಲಿಗೆ ಬರುವ ಹಾಗೆ, ಉಳಿದ ಕಾಯಿಗಳ ನಡುವಿನ ಗೆರೆ ಹಿಡಿದು ನುಸುಳಿ ಹೋಗುತ್ತದೆ.

ಅವಳು ಇದನ್ನು ತಂದದ್ದು ಖಾದರ್ ಚಾಚಾಗಾಗಿ. ಈಗ ಬೀದರದಲ್ಲೇ ನಮ್ಮ ಮನೆಯ ಹಿಂದಿನ ಓಣಿಯಲ್ಲಿರುವ ಚಾಚಾನ ಕೈ ನಡುಗುತ್ತದೆ. ಒಂದು ಕಾಯಿ ಎತ್ತಿದರೆ ಪಕ್ಕದ ನಾಲ್ಕು ಉರುಳುತ್ತವೆ. ನನಗೋ ಆ ಮಣೆ ಕಂಡಾಗ ನೆನಪಾದದ್ದು ನಮ್ಮ ಅವ್ವ.

ಆಗ ನಾವು ಭಾಲ್ಕಿಯಲ್ಲಿದ್ದೆವು. ಅಪ್ಪನದು ಹಿಟ್ಟಿನ ಗಿರಣಿ, ಪಕ್ಕದಲ್ಲಿ ಖಾದರ್ ಚಾಚಾನ ಕಲಾಯಿ ಅಂಗಡಿ. ಸಂಜೆಯಾದರೆ ಇಬ್ಬರೂ ನಮ್ಮ ಕಟ್ಟೆಯ ಮೇಲೆ ಮಣೆ ಹಾಸಿ ಕೂರುವರು. ಅಪ್ಪನಿಗೆ ಎದುರಿನ ರಾಜನನ್ನು ಬೆದರಿಸಿ "ಶಹಾ!" ಎಂದು ಕೂಗುವುದೇ ಒಂದು ಚಟ. ಆ ಕೂಗಿಗೆ ಬೀದಿಯ ಕೋಳಿಗಳೂ ಓಡುತ್ತಿದ್ದವು.

ಆಮೇಲೆ ಮಳೆ ಹೋದ ವರ್ಷ ಬಂತು. ಬೀಸಲು ಜೋಳವಿಲ್ಲ, ಗಿರಣಿ ಸುಮ್ಮನಾಯಿತು. ಬೇಯಿಸಲು ಏನಾದರೂ ಇದ್ದರಲ್ಲವೇ ಪಾತ್ರೆಗೆ ಕಲಾಯಿ? ಚಾಚಾ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೊರಟ. ಬೀಗದ ಕೈಯನ್ನು ಅವ್ವನಿಗೆ ಕೊಟ್ಟ. ಕಟ್ಟೆಯ ಮೇಲೆ ಆಟ ಅರ್ಧಕ್ಕೆ ನಿಂತಿತ್ತು.

"ಕಾಯಿ ಎತ್ತಬ್ಯಾಡ್ರಿ ಭಾಬಿ, ನಾ ಬಂದ ಮ್ಯಾಲ ಮುಗಸ್ತೇನಿ" ಎಂದ.

ಅವ್ವ ಮಣೆಯನ್ನು ಹಾಗೇ ಎತ್ತಿ ಖಾಲಿ ಜೋಳದ ಡಬ್ಬಿಯ ಮೇಲಿಟ್ಟಳು. ಆದರೆ ಚಾಚಾಗೆ ಬರುವತನಕ ತಡೆಯಲಾಗಲಿಲ್ಲ. ಹೈದರಾಬಾದ್ ಬಸ್ಸಿನ ಕಂಡಕ್ಟರನ ಬಾಯಲ್ಲಿ ತನ್ನ ನಡೆ ಹೇಳಿ ಕಳಿಸತೊಡಗಿದ. ಅಪ್ಪನ ಉತ್ತರ ಅದೇ ಬಸ್ಸಿಗೆ ವಾಪಸು. ಆಟದ ಗಂಧವಿಲ್ಲದ ಅವ್ವ, ಹೇಳಿದ ಕಾಯಿಯನ್ನು ಹೇಳಿದ ಮನೆಗೆ ಸರಿಸುವಳು. ದಿನಾ ಒಂದೊಂದನ್ನೇ ಎತ್ತಿ ಧೂಳು ಒರೆಸಿ ಅಲ್ಲೇ ಇಡುವಳು.

ಒಮ್ಮೆ ಕಂಡಕ್ಟರ್ ತಲೆ ಕೆರೆಯುತ್ತ ಬಂದ. "ಚಾಚಾ ಹೇಳಿದ್ದು ಆನಿ ನಡಸ್ರಿ ಅಂತ. ಆದರ ಜಹೀರಾಬಾದ ತನಕಾ ಬಸ್ಸಿನ ಮಂದಿ ಎಲ್ಲಾ ವಿಚಾರ ಮಾಡಿ ಕುದ್ರಿನೇ ಛಲೋ ಅಂದ್ರುರಿ. ಕುದ್ರಿ ನಡಸ್ರಿ."

"ಆಟ ಖಾದರಂದೋ, ಬಸ್ಸಿಂದೋ?" ಅಪ್ಪ ರೇಗಿದ.

"ಡ್ರೈವರ್ ಸಾಹೇಬ್ರೂ ಕುದ್ರಿನೇ ಅಂದಾರ‍್ರಿ."

ಅಪ್ಪ ಆನೆಯನ್ನೇ ನಡೆಸಿದ. ಮರುದಿನ ಬಸ್ಸಿನ ಮಂದಿಗೆ ಬೇಜಾರಾಯಿತಂತೆ.

ಇಷ್ಟರಲ್ಲಿ ಓಣಿಯಲ್ಲಿ ಮಾತು ಹುಟ್ಟಿತು. ಹೋದ ಎಷ್ಟೋ ಮಂದಿ ಅಲ್ಲೇ ಬೇರು ಬಿಟ್ಟಿದ್ದರು. ಖಾದರನೂ ಬರುವುದಿಲ್ಲ, ಮನೆ ಮಾರುತ್ತಾನೆ ಎಂದರು. ಅವ್ವ ಬೀಗ ತೆಗೆದು ಅವನ ಅಂಗಳ ಗುಡಿಸಿ ಬಂದವಳು, ಮಣೆಯ ಮುಂದೆ ನಿಂತು ಅಪ್ಪನನ್ನು ಕೇಳಿದಳು: "ಯಾಕ್ರಿ, ಈ ಸಲ ಒಮ್ಮಿನೂ ಶಹಾ ಅಂದಿಲ್ಲ ನೀವು? ಆಟ ಮರ‍್ತೀರೇನು?"

ಇಲ್ಲಿ ನಮ್ಮ ಕಡೆಯ ಒಂದು ಕಾಯದೆ ಹೇಳಬೇಕು. ನಮ್ಮ ಹಳೆಯ ಆಟದಲ್ಲಿ ರಾಜನಿಗೆ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕುಂಟು. ಆದರೆ ಅದಕ್ಕೆ ಮೊದಲೇ ಯಾರಾದರೂ ಶಹಾ ಅಂದರೆ ಆ ಜಿಗಿತ ಹೋಯಿತು.

"ಶಹಾ ಅನ್ಲಿಕ್ಕಿ ಯಾವಾಗೋ ಬರ‍್ತಿತ್ತು" ಎಂದ ಅಪ್ಪ, ಮಣೆಯ ಕಡೆ ನೋಡದೆ. "ಊರ ಬಿಟ್ಟ ಮನಷ್ಯಾಗ ಒಂದ ಜಿಗಿತಾನರೆ ಇರ್ಲಿ ಬಿಡು."

ಅವ್ವ ಅಂದಿನಿಂದ ಧೂಳು ಒರೆಸುವಾಗ ಚಾಚಾನ ರಾಜನನ್ನು ಮಾತ್ರ ಸೆರಗಿನಿಂದ ಒರೆಸುತ್ತಿದ್ದಳು.

ಮುಂದಿನ ಮಳೆ ಬಿದ್ದಿತು. ಒಂದು ಸಂಜೆ ಗಂಟುಮೂಟೆ ತಲೆಯ ಮೇಲೆ ಹೊತ್ತ ಚಾಚಾ, ತನ್ನ ಬೀಗಕ್ಕಿಂತ ಮೊದಲು ನಮ್ಮ ಡಬ್ಬಿಯ ಹತ್ತಿರ ಬಂದ. ರಾಜನನ್ನು ಎತ್ತಿ ಜಿಗಿಸಿ, ಟಕ್ಕನೆ ಹೊಸ ಮನೆಯಲ್ಲಿ ಕೂರಿಸಿದ.

"ಬಂದೆ ನೋಡು. ಈಗ ಅನ್ನೋ ಶಹಾ!"

ಅಪ್ಪ ಅಂದ. ಓಣಿಯ ಕೋಳಿಗಳು ಮತ್ತೆ ಓಡಿದವು. ಆಟ ಯಾರು ಗೆದ್ದರೆಂದು ನನಗೆ ನೆನಪಿಲ್ಲ.

ಮೊನ್ನೆ ಸಂಜೆ ಚಾಚಾ ನಮ್ಮ ಮನೆಗೆ ಬಂದು ಹೊಸ ಮಣೆಯ ಮುಂದೆ ಕುಳಿತ. ಅವನು ಹೇಳಿದ್ದನ್ನು ಸುಜಾತಾ ಫೋನಿನಲ್ಲಿ ಒತ್ತುವಳು, ಕಾಯಿ ಸರಿಯುವುದು. "ಒಳಗ ನಿಮ್ಮವ್ವ ಕುಂತಾಳೇನು?" ಎಂದು ನಕ್ಕ. ಸ್ವಲ್ಪ ಹೊತ್ತಿಗೆ ಅವನ ರಾಜ ಇಕ್ಕಟ್ಟಿಗೆ ಬಂದ. ಚಾಚಾ ಜಿಗಿಸು ಎಂದ. ಫೋನು ಒಪ್ಪಲಿಲ್ಲ. ಮತ್ತೆ ಒತ್ತಿದರೂ ಒಪ್ಪಲಿಲ್ಲ.

"ಅಜ್ಜಾ, ಇದು ಇಡೀ ಜಗತ್ತಿನ ರೂಲ್ಸ್‌ರಿ" ಎಂದಳು ಸುಜಾತಾ.

"ಹೌ ಬೇಟಿ. ಭಾಲ್ಕಿ ಜಗತ್ತಿನಾಗ ಇಲ್ಲೇನು?"

ನಾನು ಸ್ವಿಚ್ ಆರಿಸಿ ಎದುರು ಕುಳಿತೆ. ಅವನ ಕಾಯಿ ಅವನು ಹೇಳಿದಂತೆ, ಯಂತ್ರದ ಕಾಯಿ ನನಗೆ ತೋಚಿದಂತೆ, ಎರಡನ್ನೂ ನನ್ನ ಕೈಯೇ ಸರಿಸಿತು. ಈಗ ರಾಜನನ್ನು ಜಿಗಿಸಲೇ ಎಂದು ನಾನು ಕೇಳಿದಾಗ ಚಾಚಾ, "ಇರ್ಲಿ, ಇನ್ನಾ ಟೈಮ್ ಅದ" ಎಂದು ಒಂದು ಕಾಲಾಳು ಪ್ಯಾದೆಯನ್ನು ನಡೆಸಲು ಹೇಳಿದ.

ನನ್ನ ಆನೆಗೂ ಅವನ ರಾಜನಿಗೂ ನಡುವೆ ಹಾದಿ ಖಾಲಿ ಇತ್ತು. ಆಟ ಬಾರದ ನನಗೂ ಕಂಡಿತು. ನಾನು ಮೂಲೆಯ ಪ್ಯಾದೆಯನ್ನು ಒಂದು ಮನೆ ಮುಂದಿಟ್ಟೆ.

ಚಾಚಾ ಮಣೆ ನೋಡಿದ, ನನ್ನನ್ನು ನೋಡಿದ. "ಶಹಾ ಅನ್ನು ಬೇಟಿ. ನಾ ಈಗೆಲ್ಲಿ ಹೋಗ್ತೇನಿ?"

"ನನಗೇನ ಕಾಣ್ತದ್ರಿ ಚಾಚಾ, ಚಷ್ಮಾ ಒಳಗದ" ಎಂದು ಚಹಾದ ಬಟ್ಟಲನ್ನು ಅವನ ಕಡೆ ಸರಿಸಿದೆ.