ಕಿಟಕಿಯಲ್ಲಿದ್ದ ಲೋಟ

ನಿಲಂಗಾದಲ್ಲಿ ನಮ್ಮ ಪಕ್ಕದ ಮನೆಯ ಅಯ್ಯನವರು ಊರವರ ಮನೆಗಳಿಗೆ ಪೂಜೆಗೆ ಹೋಗುವವರು. ನಮ್ಮ ಕಡೆ ದೊಡ್ಡ ಭೂಕಂಪವಾದಾಗಿನಿಂದ ಅವರು ಹಿತ್ತಾಳೆ ಲೋಟವೊಂದಕ್ಕೆ ಅಂಚಿನತನಕ ನೀರು ತುಂಬಿ ಕಿಟಕಿಯಲ್ಲಿ ಇಡುತ್ತಿದ್ದರು. ನೆಲ ನಡುಗಿದರೆ ಮೊದಲು ನೀರಿಗೆ ಗೊತ್ತಾಗುತ್ತದೆ ಎಂದು ಅವರ ನಂಬಿಕೆ. ಯಾರೇ ಬರಲಿ, ಲೋಟದೊಳಗೆ ಒಮ್ಮೆ ಬಗ್ಗಿ ನೋಡಿ, "ನೀರು ನಿಂತದ, ಕೂಡ್ರಿ" ಎನ್ನುವರು. ನಾವು ನಗುತ್ತಿರಲಿಲ್ಲ. ಭೂಕಂಪದ ವರ್ಷ ನಾವೂ ಹೆದರಿ ಅಂಗಳದಲ್ಲೇ ಮಲಗಿದವರು.

ಅರವತ್ತು ದಾಟಿದ ಮೇಲೆ ಅವರು ಗಂಡಹೆಂಡತಿ, ನಾವು ಗಂಡಹೆಂಡತಿ ಮಹಾಬಳೇಶ್ವರಕ್ಕೆ ಹೋದೆವು. ಲೋಟವೂ ಬಂತು. ಎರಡು ದಿನ ಗುಡ್ಡದ ಮೇಲಿನ ಬೆಂಚಿನಲ್ಲಿ ಕೂತು ಸ್ಟ್ರಾಬೆರಿ ತಿಂದೆವು. ಮೂರನೆಯ ದಿನ ಕೆರೆಯ ದಂಡೆಯಲ್ಲಿ ಅವರ ಹೆಂಡತಿ ನೆರಿಗೆ ಎತ್ತಿ ಹಿಡಿದು ಸೀದಾ ದೋಣಿಯೊಳಗೆ ಹೋಗಿ ಕೂತುಬಿಟ್ಟರು.

"ಏ, ಅದು ಅಳ್ಳಾಡ್ಲಿಕತ್ತದ ನೋಡು," ಎಂದರು ಅಯ್ಯನವರು.

"ಅಳ್ಳಾಡ್ಲಿ ರೀ. ನೀವು ಬರೋತನಕ ನಾ ಇಲ್ಲಿಂದ ಏಳಂಗಿಲ್ಲ."

ದೋಣಿಯವನು ಕಾದ. ನಾವೂ ಕಾದೆವು. ಕಡೆಗೆ ಅಯ್ಯನವರು ದಂಡೆಯ ನಲ್ಲಿಯಲ್ಲಿ ಲೋಟ ತುಂಬಿಕೊಂಡು, ಎರಡೂ ಕೈಯಲ್ಲಿ ಹಿಡಿದು, ದೋಣಿಯಲ್ಲಿ ಕಾಲಿಟ್ಟರು. ಅರ್ಧ ನೀರು ಧೋತರದ ಮೇಲೆ ಚೆಲ್ಲಿತು. ಉಳಿದ ನೀರು ನಡುಗುತ್ತಲೇ ಇತ್ತು. ಅದನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಲೋಟವೆತ್ತಿ ಗಟಗಟ ಕುಡಿದರು. ಖಾಲಿ ಲೋಟವನ್ನು ಹೆಂಡತಿಯ ಕೈಗೆ ಕೊಟ್ಟು ದೋಣಿಯವನಿಗೆ ಮರಾಠಿಯಲ್ಲಿ ಗಟ್ಟಿಯಾಗಿ ಹೇಳಿದರು: "ಚಲಾ!"