ಅತ್ತೆ ಕಟ್ಟಿದ ಕಂತು

ಟೀವಿಯಲ್ಲಿ ಹೆದರಿಕೆಯ ದೃಶ್ಯ ಬಂದರೆ ನಾನು ಟೀವಿ ನೋಡುವುದಿಲ್ಲ, ನೋಡುತ್ತಿರುವವರನ್ನು ನೋಡುತ್ತೇನೆ. ಇದು ಹೇಡಿತನ ಅಂತ ನನ್ನ ಗಂಡ ಹೇಳುತ್ತಾರೆ. ಇರಬಹುದು. ಆದರೆ ಪರದೆಯ ಮೇಲೆ ಹೆದರುವವರಿಗೂ ಪರದೆಯ ಮುಂದೆ ಹೆದರುವವರಿಗೂ ಹೋಲಿಕೆಯೇ ಇಲ್ಲವೆಂಬುದು ಹೀಗೆ ನೋಡಿ ನೋಡಿಯೇ ನನಗೆ ತಿಳಿದದ್ದು. ಅಲ್ಲಿ ನಾಯಕಿ ಎರಡು ಕೈಯನ್ನೂ ಕೆನ್ನೆಗೆ ಒತ್ತಿಕೊಂಡು, ಹಣೆಯ ಕುಂಕುಮ ಕದಡದಂತೆ ಚೀರುತ್ತಾಳೆ. ಇಲ್ಲಿ ಪಕ್ಕದ ಮನೆಯ ಗೌರಮ್ಮ ಬಾಯಿಗೆ ಹಾಕಿಕೊಂಡ ಕಡಲೆಕಾಯಿ ಅಗಿಯುವುದನ್ನೇ ಮರೆತು ಕೂತಿರುತ್ತಾಳೆ.

ನಾನು ಶ್ರೀರಂಗಪಟ್ಟಣದವಳು. ಮದುವೆಯಾಗಿ ಬಂದದ್ದು ಕೆ.ಆರ್. ಪೇಟೆಯಿಂದ ಮಾಕವಳ್ಳಿ ಕಡೆ ಹೋಗುವ ದಾರಿಯ ಒಂದು ಹಳ್ಳಿಗೆ. ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮ ಬೀದಿಗೆಲ್ಲ ಇದ್ದದ್ದು ನಮ್ಮ ಮನೆಯ ಟೀವಿ ಒಂದೇ. ಮಧ್ಯಾಹ್ನದ ಧಾರಾವಾಹಿಗೆ ಹೆಂಗಸರೆಲ್ಲ ನಡುಮನೆಯಲ್ಲಿ ಸೇರುತ್ತಿದ್ದರು. ಕಂಬಕ್ಕೆ ಒರಗುವ ಜಾಗ ಮತ್ತು ಕೊನೆಯ ಮಾತು, ಎರಡೂ ನನ್ನ ಅತ್ತೆ ಪುಟ್ಟತಾಯಮ್ಮನವರದು.

"ಅಳಾದು ಚೆಂದಾಗಿ ಅಳ್ತಾಳೆ ಕಣ್ ಮಗ, ಎದ್ರಿಕೆ ಮಾತ್ರ ಬರಾಕಿಲ್ಲ ಇವ್ಳಿಗೆ" ಎಂದು ಒಮ್ಮೆ ತೀರ್ಪು ಕೊಟ್ಟರು. "ಪೋಟೋ ತೆಗೆಸ್ಕಳಕ್ಕೆ ನಿಂತಂಗೆ ನಿಂತವ್ಳೆ."

ನನ್ನ ತಕರಾರು ನಟಿಯ ಮೇಲಲ್ಲ, ಹಿನ್ನೆಲೆ ಸಂಗೀತದ ಮೇಲೆ. ಕೇಡು ಬರುವ ಮುಂಚೆಯೇ ಪಿಟೀಲು ಕುಯ್ದು ಊರಿಗೆಲ್ಲ ಸುದ್ದಿ ಕೊಡುತ್ತದೆ. ಕತೆಯೊಳಗಿನ ಹೆಣ್ಣುಮಗಳಿಗೆ ಮಾತ್ರ ಅದು ಕೇಳುವುದಿಲ್ಲ. ಭಯವನ್ನೂ ಒಂದು ರಸವೆಂದು ಸಾಲಿನಲ್ಲಿ ಕೂರಿಸಿ, ಬಾಯಿ ಒಣಗುವುದು, ದನಿ ಒಡೆಯುವುದು, ಮೈ ನಡುಗುವುದು ಎಂದೆಲ್ಲ ಲಕ್ಷಣ ಬರೆದ ಹಿಂದಿನವರೂ ಪಿಟೀಲಿನ ಮಾತೆತ್ತಿದಂತಿಲ್ಲ.

ಅವತ್ತಿನ ಕಂತಿನಲ್ಲಿ ಸೊಸೆ ಗಂಡನ ಮನೆ ಬಿಟ್ಟು ತವರಿನ ಬಾಗಿಲು ತಟ್ಟಿದ್ದಳು. ಬಾಗಿಲು ತೆರೆಯುವ ಮೊದಲೇ ಕಂತು ಮುಗಿಯಿತು. ಬಿಸಿಲು ಇಳಿಯುವ ಮುಂಚೆ ಹಸುವಿಗೆ ಹುಲ್ಲು ತರೋಣವೆಂದು ಅತ್ತೆ ಹೊರಟರು, ನಾನೂ ಹೊರಟೆ. ನಾನಾಗ ಚೊಚ್ಚಲ ಬಸುರಿ. ಮೈ ಭಾರವಾಗಿತ್ತು, ಆದರೂ ನಾಲ್ಕು ಹೆಜ್ಜೆ ಓಡಾಡಿದರೆ ಒಳ್ಳೆಯದೆಂದು ಅತ್ತೆಯೇ ಹೇಳುತ್ತಿದ್ದರು. ಪಾಂಡವಪುರದ ಕಡೆ ಗುಡ್ಡದ ಹತ್ತಿರ ನಾಯಿಗಳು ಕಾಣೆಯಾಗುತ್ತಿವೆ, ಚಿರತೆಯಂತೆ ಎಂಬ ಸುದ್ದಿ ನಮ್ಮೂರಿಗೂ ಬಂದಿತ್ತು. ಅಲ್ಲಿಯದು ಅಲ್ಲಿಗೆ ಎಂದುಕೊಂಡಿದ್ದೆವು.

ನಮ್ಮ ಗದ್ದೆಯ ಕಬ್ಬು ಕಟಾವಿಗೆ ಬಂದಿತ್ತು. ಆಳೆತ್ತರ ಮೀರಿ ಬೆಳೆದು ಒಳಗೆ ಕತ್ತಲೆ ಕಟ್ಟಿತ್ತು. ಎರಡು ತಾಕಿನ ನಡುವಿನ ಬದುವಿನ ಮೇಲೆ ನಾನು ಬಗ್ಗಿ ಹುಲ್ಲು ಕುಯ್ಯುತ್ತಿದ್ದೆ. ಅತ್ತೆ ಸ್ವಲ್ಪ ದೂರದಲ್ಲಿದ್ದವರು ನನ್ನ ಹತ್ತಿರಕ್ಕೆ ಬಂದರು.

"ಮಗಾ, ಆ ಸೊಸೆ ತವರಿಗೆ ಓದ್ಲಲ್ಲ, ಆಮ್ಯಾಕೇನಾಯ್ತು ಗೊತ್ತಾ? ಕುಡ್ಲು ಅಲ್ಲೇ ಬುಡು. ಬಾ, ಯೋಳ್ತೀನಿ."

ಅತ್ತೆ ಕುಡುಗೋಲನ್ನು ಹೊಲದಲ್ಲಿ ಬಿಟ್ಟು ಬರುವವರೇ ಅಲ್ಲ. ನಾನು ತಲೆಯೆತ್ತುವಷ್ಟರಲ್ಲಿ ನನ್ನ ಮಣಿಕಟ್ಟು ಹಿಡಿದಿದ್ದರು. ಆ ಬಿಸಿಲಿನಲ್ಲೂ ಅವರ ಅಂಗೈ ತಣ್ಣಗಿತ್ತು.

"ಯಾಕತ್ತೆ?"

"ಕತೆ ಕೇಳ್ಕಂಡು ನಡಿ. ಇಂದಕ್ಕೆ ತಿರುಗ್ಬ್ಯಾಡ. ಓಡ್ಬ್ಯಾಡ."

ದನಿ ಮೆತ್ತಗಿತ್ತು, ಮಗುವಿಗೆ ಅನ್ನ ತಿನ್ನಿಸುವಾಗಿನ ದನಿ. ನನಗೆ ಮೊದಲು ಭಯವಾದದ್ದು ಆ ದನಿಗೆ. ಯಾವುದಕ್ಕೆ ಹೆದರಬೇಕೆಂದು ತಿಳಿಯದೆ ಹೆದರುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದು ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಅತ್ತೆ ನನ್ನನ್ನು ಆಚೆಗೆ ಸರಿಸಿ, ನನ್ನ ಬೆನ್ನಿಗಿದ್ದ ಕಬ್ಬಿನ ಮಗ್ಗುಲಿಗೆ ತಾವು ಬಂದು ನಡೆಯತೊಡಗಿದರು.

"ಅವ್ಳಣ್ಣ ಬಾಗ್ಲು ತೆಗ್ದ. ಅತ್ಗೆ ಕಾಲಿಗೆ ನೀರು ಕೊಟ್ಲು. ಬಾರವ್ವ ಅಂತ ಒಳಿಕ್ಕೆ ಕರ್ಕಂಡೋಗಿ ಮುದ್ದೆ ಇಕ್ಕುದ್ಲು, ಉಪ್ಸಾರು ಬುಟ್ಲು."

ಆ ಧಾರಾವಾಹಿಯ ಮನೆಯವರು ಮೇಜಿನ ಮೇಲೆ ಊಟ ಮಾಡುವ ಶ್ರೀಮಂತರು. ಉಪ್ಸಾರಿನ ವಾಸನೆಯನ್ನೂ ಕಂಡವರಲ್ಲ. ಆದರೂ ನಾನು ಆ ಮುದ್ದೆಯ ಹಬೆಯನ್ನೇ ಹಿಡಿದುಕೊಂಡು ಹೆಜ್ಜೆ ಹಾಕಿದೆ. ಪಕ್ಕದ ಕಬ್ಬಿನೊಳಗೆ ಒಣಗಿದ ಸೋಗೆ ಸರಸರ ಎಂದಿತು. ನಾವು ನಿಂತಾಗ ಅದೂ ನಿಂತಿತು. ನಡೆದಾಗ ಅದೂ ನಡೆಯಿತು.

ಬದು ತಿರುಗುವಲ್ಲಿ ಕಬ್ಬು ಸ್ವಲ್ಪ ತೆಳುವಾಗಿತ್ತು. ಅಲ್ಲಿ ಕಂಡಿತು. ಮೊದಲು ಹಳದಿ, ಆಮೇಲೆ ಕಪ್ಪು ಚುಕ್ಕೆ, ಆಮೇಲೆ ನಮ್ಮನ್ನೇ ನೋಡುತ್ತಿದ್ದ ಎರಡು ಕಣ್ಣು. ಚೀರಲು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ. ಅಲ್ಲೇ ನಿಂತುಬಿಟ್ಟೆ.

ನಾನು ಕಂಡೆನೆಂದು ಅತ್ತೆಗೆ ಗೊತ್ತಾಯಿತು. ಹಿಡಿತ ಬಿಗಿಯಾಯಿತು, ದನಿ ಮಾತ್ರ ಬದಲಾಗಲಿಲ್ಲ. "ಆಮ್ಯಾಕೆ ಅವ್ರವ್ವ ಬಂದ್ಲು. ನಡಿ ಮಗ. ಅವ್ರವ್ವ ಬಂದು ಏನಂದ್ಲು ಅಂತ ಕೇಳು. ನಡಿ."

ನಡೆದೆ. ಅವರ ಮಾತು ಎಳೆದತ್ತ ಹೋದೆ ಎಂದರೂ ಸರಿಯೇ.

ರಸ್ತೆಯಲ್ಲಿ ಕಬ್ಬಿನ ಲಾರಿಯೊಂದು ನಿಂತಿತ್ತು. ಇಬ್ಬರು ಗಂಡಸರು ಚಕ್ರ ಬಿಚ್ಚುತ್ತಿದ್ದರು. ಡಾಂಬರಿಗೆ ಕಾಲಿಟ್ಟ ಕೂಡಲೇ ಅತ್ತೆ ಅಲ್ಲೇ ಕುಸಿದು ಕೂತರು. ಉಟ್ಟ ಸೀರೆ ಒದ್ದೆಯಾಗಿತ್ತು, ಅದು ಅವರಿಗೇ ಗೊತ್ತಿರಲಿಲ್ಲ.

"ಯಾಕವ್ವ, ಏನಾಯ್ತು?" ಎಂದು ಆ ಗಂಡಸರು ಓಡಿಬಂದರು.

ಬದುವಿನುದ್ದಕ್ಕೂ ಕತೆ ಹೇಳಿದವರಿಗೆ ಈಗ ಒಂದು ಮಾತೂ ಹೊರಡಲಿಲ್ಲ. ಕೈ ಎತ್ತಿ ಕಬ್ಬಿನ ಕಡೆ ತೋರಿಸಿದರು. ಚಿರತೆ ಎಂಬ ಮಾತನ್ನು ಹೇಳಿದವಳು ನಾನು.

ಊರವರು ತಮಟೆ, ದೊಣ್ಣೆ ಹಿಡಿದು ಹೋದಾಗ ಅದು ಅಲ್ಲಿರಲಿಲ್ಲ. ಆದರೆ ನಾನು ಬಗ್ಗಿ ಹುಲ್ಲು ಕುಯ್ಯುತ್ತಿದ್ದ ಜಾಗದ ಪಕ್ಕದ ಸಾಲಿನಲ್ಲೇ ಸೋಗೆ ಒತ್ತಿ ಹಾಸಿದಂತಾಗಿತ್ತಂತೆ. ಅದು ಬಹಳ ಹೊತ್ತಿನಿಂದ ಅಲ್ಲೇ ಮಲಗಿತ್ತು. ನಾನು ಅದಕ್ಕೆ ಬೆನ್ನು ಕೊಟ್ಟು, ಸಿನಿಮಾ ಹಾಡೊಂದನ್ನು ಗುನುಗುತ್ತ ಹುಲ್ಲು ಕುಯ್ದಿದ್ದೆ. ಈ ಸಂಗತಿ ಚಿರತೆಯನ್ನು ಕಂಡದ್ದಕ್ಕಿಂತ ಹೆಚ್ಚು ದಿನ ನನ್ನ ನಿದ್ದೆ ಕೆಡಿಸಿತು. ಆಮೇಲೆ ಬೋನು ಇಟ್ಟರು, ಚಿರತೆ ಅದರಲ್ಲಿ ಬೀಳಲಿಲ್ಲ. ಕಬ್ಬು ಕಟಾವಾಯಿತು, ನನಗೆ ಮಗಳು ಹುಟ್ಟಿದಳು. ಇವತ್ತಿಗೂ ಕಬ್ಬಿನ ಸೋಗೆ ಸದ್ದಾದರೆ ನನ್ನ ಕೈ ಹೊಟ್ಟೆಯ ಮೇಲೆ ಹೋಗುತ್ತದೆ.

ಆಮೇಲೆ ಎಷ್ಟೋ ಸಿನಿಮಾ, ಎಷ್ಟೋ ಧಾರಾವಾಹಿ ನೋಡಿದ್ದೇನೆ. ಹೆದರಿದಂತೆ ನಟಿಸುವವರು ಬೇಕಾದಷ್ಟು ಜನರಿದ್ದಾರೆ. ಹೆದರಿಕೆಯೇ ಇಲ್ಲದಂತೆ ನಟಿಸಿದವರನ್ನು ಕಂಡದ್ದು ಅದೊಂದೇ ಸಲ.

ಬಾಣಂತನ ಮುಗಿಸಿ ತವರಿನಿಂದ ಬಂದ ಮೇಲೆ ಒಂದು ದಿನ ಅತ್ತೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿದೆ: "ಅತ್ತೆ, ಅವತ್ತು ಅವರವ್ವ ಬಂದು ಏನಂದ್ಲು? ಹೇಳ್ಲೇ ಇಲ್ಲವಲ್ಲ."

ಅತ್ತೆ ಕಾಯಿಂದ ಕಣ್ಣೆತ್ತಲಿಲ್ಲ.

"ರಸ್ತೆ ಸಿಕ್ತಲ್ಲ ಮಗ. ಕತೆ ಅಲ್ಲಿಗೆ ಮುಗೀತು."